ಕೆಳಗಿನಿಂದ ಮೇಲಕ್ಕೆ

ಆಗಸ್ಟಿನಿಂದ ಮಾರ್ಚಿನವರೆಗೆ
ಒಂದು ಪೆನ್ನಿಯನ್ನೂ ಕಟ್ಟುವುದಿಲ್ಲ ಕ್ಲಿಫರ್ಡ್ ಓಲ್ಡ್ರಾಯ್ಡ್.
ನನ್ನ ಕೌಂಟರಿನೆದುರು, ಹೀಟರಿನ ಪಕ್ಕದ ಸ್ಟೂಲು;
ಫ್ಲಾಸ್ಕಿನ ಮುಚ್ಚಳದಲ್ಲೇ ಚಹಾ;
ಪತ್ರಿಕೆಯ ಅಂಕಪಟ್ಟಿಯನ್ನು
ಕೆಳಗಿನಿಂದ ಮೇಲಕ್ಕೆ ಓದುತ್ತಾನೆ,
ಸತ್ತವರ ಕಾಲಮ್ಮನ್ನೇ ಮೊದಲು ತೆರೆಯುವವರ ಹಾಗೆ.

ಏಪ್ರಿಲ್ ಕೊನೆಗೆ ಎದ್ದು ಬಂದು
ಗಿಡ್ಡ ನೀಲಿ ಪೆನ್ನು ಕೇಳುತ್ತಾನೆ.
ಹೊರಗೆ ಥಾರ್ನ್‌ಬಿಯ ಕಡಲು
ಇನ್ನೂ ಪಾತ್ರೆ ತೊಳೆದ ನೀರಿನ ಬಣ್ಣ.
ಅವನಿಗೆ ಮಾತ್ರ ಸುಗ್ಗಿ.

"ನೋಡು ಮಗಳೇ," ಅನ್ನುತ್ತಾನೆ. ನನಗೆ ಐವತ್ಮೂರು.
"ಪಟ್ಟಿಯ ನಡುವಿನವರ ಕಾಲು ಆಗಲೇ ಸ್ಪೇನಿನ ಮರಳಲ್ಲಿದೆ.
ಗೋಲಿಯ ಹೆಂಡತಿ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಾಳೆ.
ಮೇಲಿರುವವರಿಗೆ ಹೊಟ್ಟೆಯಲ್ಲಿ ನಡುಕ.
ಕೆಳಗೆ ಬಿದ್ದಾಯಿತಲ್ಲ, ಅವರನ್ನು ನೋಡು:
ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು?"

ಮೂವತ್ತು ವರ್ಷ ಶಾಲೆಯೊಂದರ ಬೀಗದಕೈ
ಅವನ ಸೊಂಟದಲ್ಲಿತ್ತು. ಶಾಸ್ತ್ರ ಹುಟ್ಟಿದ್ದು ಅಲ್ಲೇ.
ರಜೆಗೆ ಮುಂಚಿನ ವಾರ
ಮೊದಲ ಬೆಂಚು ಆಕಳಿಸುತ್ತದಂತೆ;
ನಪಾಸಾದ ಹುಡುಗ ಕೊಳಾಯಿ ಹಿಡಿದು ಚಾವಣಿ ಹತ್ತಿ
ವರ್ಷವಿಡೀ ಅಲ್ಲಿ ಸಿಕ್ಕಿಬಿದ್ದ ಚೆಂಡುಗಳನ್ನೆಲ್ಲ
ಒಂದೊಂದಾಗಿ ಕೆಳಗೆಸೆಯುತ್ತಾನಂತೆ.

ಹನ್ನೊಂದು ಮೇ ಕಂಡಿದ್ದೇನೆ. ಶಾಸ್ತ್ರ ಫಲಿಸಿದ್ದು ನಾಲ್ಕು ಸಲ.
ಲೀಡ್ಸಿನ ಯಾವುದೋ ಮಹಡಿಯಲ್ಲಿ
ಇಂಥ ಶಾಸ್ತ್ರಗಳನ್ನು ಜರಡಿ ಹಿಡಿದು
ದರ ಬರೆಯುವವರಿದ್ದಾರೆ.
ಅವರ ಸಂಬಳ, ನನ್ನ ಸಂಬಳ, ಈ ಹೀಟರು
ಎಲ್ಲ ಉಳಿದ ಏಳು ಸಲದ್ದು.

ಈ ವರ್ಷ ಕೊನೆಯ ಶನಿವಾರ
ನಮ್ಮ ಥಾರ್ನ್‌ಬಿಗೇ ಒಂದು ಅಂಕ ಬೇಕಿತ್ತು,
ಒಂದೇ ಒಂದು, ಮೇಲಿನ ದರ್ಜೆಗೇರಲು,
ಇಪ್ಪತ್ತಾರು ವರ್ಷದ ಮೇಲೆ.
ಎದುರಿಗೆ ಗಾರ್ಸ್‌ಡೇಲ್. ಈಸ್ಟರಿಗೆ ಮುಂಚೆಯೇ ಮುಳುಗಿದವರು,
ಕೋಚ್ ಬಿಟ್ಟುಹೋದವರು,
ಬೆನ್ನ ಮೇಲಿನ ಹೆಸರಲ್ಲಿ ಅಕ್ಷರ ಉದುರಿದವರು.
ಒಂದಕ್ಕೆ ಒಂಬತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಬಂದ.
ಕೊರಳಲ್ಲಿ ಅಪ್ಪನ ಕಾಲದ ಹಳದಿ-ಕಪ್ಪು ಮಫ್ಲರು.
ಪೆನ್ನು ಕಚ್ಚುತ್ತ ಇಪ್ಪತ್ತು ನಿಮಿಷ ನಿಂತ.
ಚೀಟಿ ಮಡಿಸಿ ತಳ್ಳಿದ, ನನ್ನ ಮುಖ ನೋಡದೆ.
ಯಂತ್ರ ಓದಿತು:
ಥಾರ್ನ್‌ಬಿ ಗೆಲುವು. ಹತ್ತು ಪೌಂಡ್.
ಗೆದ್ದರೂ ಬರುವ ಲಾಭ
ಒಂದು ಪೊಟ್ಟಣ ಚಿಪ್ಸಿಗೂ ಸಾಲದು.
ನಾನೇನೂ ಅನ್ನಲಿಲ್ಲ. ರಸೀದಿ ಕೊಟ್ಟೆ.

ಎಂಬತ್ತೆಂಟನೇ ನಿಮಿಷ.
ಗಾರ್ಸ್‌ಡೇಲಿನ ಹತ್ತೊಂಬತ್ತರ ಹುಡುಗ,
ಸೋಮವಾರದಿಂದ ಕೆಲಸವಿಲ್ಲದವನು,
ಮೂವತ್ತು ಗಜದಾಚೆ,
ಬುದ್ಧಿಯಿರುವವರು ಒದೆಯದ ಜಾಗದಿಂದ
ಒದ್ದ.
ಅಂಗಡಿಯಲ್ಲಿ ಮೊದಲು ಸದ್ದೇ ಇಲ್ಲ.
ಆಮೇಲೆ ಕಾಗದ ಹರಿಯುವ ಸದ್ದು.

ಐದಕ್ಕೆ ಬಂದ ಓಲ್ಡ್ರಾಯ್ಡ್, ಕಣ್ಣು ಕೆಂಪು.
"ಹೇಳಿರಲಿಲ್ಲವೇ ನಾನು?
ನೀರಿಗಿಳಿದವನಿಗೆ..."
ಅಲ್ಲಿಗೇ ನಿಲ್ಲಿಸಿ
ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದ.
ಅದು ಬಿಚ್ಚಿಕೊಂಡ ಮೇಲೂ ತಿರುಗಿಸುತ್ತಲೇ ಇದ್ದ.

ಸ್ವಂತ ಅಂಗಡಿಯಲ್ಲಿ ನಾವು ಬಾಜಿ ಕಟ್ಟುವಂತಿಲ್ಲ.
ಊಟದ ಬಿಡುವಿನಲ್ಲಿ ರಸ್ತೆ ದಾಟಿ
ಎದುರಂಗಡಿಯಲ್ಲಿ ಗಾರ್ಸ್‌ಡೇಲಿನ ಮೇಲೆ
ಎರಡು ಪೌಂಡ್ ಇಟ್ಟು ಬಂದಿದ್ದೆ.
ಹನ್ನೊಂದು ವರ್ಷದ ಶಾಸ್ತ್ರ, ಆವತ್ತು ಒಂಟಿಯಾಗಿತ್ತು,
ಯಾರಾದರೂ ಅದರ ಜೊತೆ ನಿಲ್ಲಬೇಕಿತ್ತಲ್ಲ.

ಎರಡಕ್ಕೆ ಇಪ್ಪತ್ತು ಬಂತು.
ಪರ್ಸಿನ ಬೇರೆ ಅರೆಯಲ್ಲಿದೆ, ಮುರಿಸದ ಒಂದೇ ನೋಟು.
ಅವನಿಗಿನ್ನೂ ಹೇಳಿಲ್ಲ.
ಹೇಳಿದರೆ ಸಂತೋಷಪಟ್ಟಾನು, ಪಾಪ.
ಅದಕ್ಕೇ.